ಗೋಡೆ ಬದಿಯ ಎರಡು ಅಡಿ

ನೆಲ ಹಾಕುವವನ ಕಣ್ಣಿಗೆ ಗೋಡೆ ಬೀಳುವುದಿಲ್ಲ. ಮೂವತ್ತು ವರ್ಷ ತಲೆ ತಗ್ಗಿಸಿ ಕೆಲಸ ಮಾಡಿದವನು ನಾನು. ಯಾರದೇ ಮನೆಗೆ ಹೋಗಲಿ, ಮೊದಲು ನೋಡುವುದು ಕಾಲ ಬುಡವನ್ನು. ನೆಲ ಎಲ್ಲಿ ತಗ್ಗಿದೆ, ಹೊಸ್ತಿಲು ಎಷ್ಟು ಎತ್ತರ ಇದೆ, ಚೆಲ್ಲಿದ ನೀರು ಯಾವ ಕಡೆಗೆ ಹೋಗುತ್ತದೆ, ಇಷ್ಟೇ. ಆ ಮನೆಯ ಗೋಡೆಗೆ ಯಾವ ಬಣ್ಣ ಇತ್ತು ಎಂದು ಸಂಜೆ ಹೆಂಡತಿ ಕೇಳಿದರೆ ನಾನು ತಬ್ಬಿಬ್ಬು. ಅಕ್ಕನ ಮನೆಯ ಪಡುವಣ ಗೋಡೆಯೊಂದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅದರ ಮೇಲೆ ನಾನು ಪೆನ್ಸಿಲಿನಲ್ಲಿ ಎಳೆದ ಮೂರು ಗೆರೆಗಳೂ ಹಾಗೆಯೇ ಕಣ್ಣ ಮುಂದಿವೆ.

ಮೊಸಾಯಿಕ್ ಕೆಲಸ ನಾನು ಕಲಿತದ್ದು ಮುಂಬಯಿಯಲ್ಲಿ. ನಮ್ಮದು ತಲೆತಲಾಂತರದಿಂದ ದೇವಸ್ಥಾನದ ವಾದ್ಯದ ಚಾಕರಿ ಮಾಡಿಕೊಂಡು ಬಂದ ಮನೆ. ನನಗೆ ತಾಳವೂ ಒಲಿಯಲಿಲ್ಲ, ಬೆಳಿಗ್ಗೆ ಬೇಗ ಏಳುವುದೂ ಒಲಿಯಲಿಲ್ಲ. ಊರಿನ ಎಲ್ಲರಂತೆ ಹೊಟೇಲಿಗೆಂದು ಹೋದವನು, ಎರಡು ವರ್ಷ ಕಪ್ಪು ತೊಳೆದು ಬೇಸರ ಬಂದು, ಎದುರಿಗೆ ಕಟ್ಟುತ್ತಿದ್ದ ಬಿಲ್ಡಿಂಗಿನ ಮೊಸಾಯಿಕ್ ಮೇಸ್ತ್ರಿಯ ಹಿಂದೆ ಬಿದ್ದೆ. ಆತ ಮಹಾ ಕೋಪಿಷ್ಠ. ಬೈಗುಳಕ್ಕೊಂದು ಪಾಠದಂತೆ ಕಲಿಸಿದ. ಗಾಜಿನ ಪಟ್ಟಿ ನಿಲ್ಲಿಸಿ ಚೌಕ ಮಾಡುವುದು, ಸಿಮೆಂಟಿಗೆ ಅಮೃತಶಿಲೆಯ ಹರಳು ಕಲಸುವುದು, ಅದನ್ನು ಹರಡಿ ರೋಲರ್ ಎಳೆಯುವುದು, ಸುತ್ತ ಕಟ್ಟೆ ಕಟ್ಟಿ ವಾರಗಟ್ಟಲೆ ನೀರು ನಿಲ್ಲಿಸುವುದು, ಆಮೇಲೆ ಮೆಷಿನ್ ಹಾಕಿ ನೀರು ಬಿಡುತ್ತಾ ಉಜ್ಜಿ ಉಜ್ಜಿ ಒಳಗಿನ ಹರಳನ್ನು ಮೇಲೆ ಕಾಣಿಸುವುದು. "ನೀರಿನಲ್ಲಿ ಜಿಪುಣತನ ಮಾಡಿದವನು ಮೊಸಾಯಿಕ್ ಮುಟ್ಟಬಾರದು" ಎನ್ನುವುದು ಆತನ ಮುಖ್ಯ ಪಾಠ. ಆರನೇ ಮಹಡಿಯ ಕಾಂಕ್ರೀಟಿನ ಮೇಲೆ ನಾವು ನೀರು ಕಟ್ಟಿದರೆ, ಹೆಚ್ಚೆಂದರೆ ಐದನೇ ಮಹಡಿಯವನು ತಲೆ ಒರೆಸಿಕೊಂಡು ಜಗಳಕ್ಕೆ ಬರುತ್ತಿದ್ದ. ಅದಕ್ಕಿಂತ ದೊಡ್ಡ ಅನಾಹುತ ಆದದ್ದನ್ನು ನಾನು ಕಾಣಲಿಲ್ಲ.

ಊರಿಗೆ ಮರಳಿ ಕೋಟೇಶ್ವರದಲ್ಲಿ ಮನೆ ಮಾಡುವ ಹೊತ್ತಿಗೆ ಎಲ್ಲ ಕಡೆ ಟೈಲ್ಸ್ ಬಂದಿತ್ತು. ಮೊಸಾಯಿಕ್ ಎಂದರೆ ಹಳೆಯ ಶಾಲೆ, ಹಳೆಯ ಲಾಡ್ಜು ಎಂದು ಜನ ಮೂಗು ಮುರಿಯುತ್ತಿದ್ದರು. ನಾನೂ ಹೊಟ್ಟೆಪಾಡಿಗೆ ಟೈಲ್ಸ್ ಅಂಟಿಸಿದೆ, ಒಳಗೊಳಗೇ ಬೈದುಕೊಂಡೆ. ಈಗ ನಾಲ್ಕೈದು ವರ್ಷಗಳಿಂದ ಗಾಳಿ ತಿರುಗಿದೆ. ಬೈಂದೂರಿನ ಕಡಲ ಬದಿಯ ಹೋಂ ಸ್ಟೇಗಳಿಗೆ, ಬ್ರಹ್ಮಾವರದ ಹಳೆಯ ಮನೆಗಳಿಗೆ ಎಂಜಿನಿಯರ್‌ಗಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರ ಬಾಯಲ್ಲಿ ಅದು ಟೆರಾಝೊ. "ಸರ್, ಟೆರಾಝೊ ಮಾಡ್ತೀರಾ?" ಎಂದು ಮೊದಲ ಸಲ ಒಬ್ಬ ಕೇಳಿದಾಗ ಅದೇನೋ ತಿಂಡಿ ಇರಬೇಕು ಎಂದುಕೊಂಡಿದ್ದೆ. ಗೊತ್ತಾದ ಮೇಲೆ ಎದೆ ಎರಡಂಗುಲ ಉಬ್ಬಿತು. ಈ ಕತೆಯಲ್ಲಿ ಆ ಎರಡಂಗುಲದ ಪಾಲೂ ಇದೆ.

ಅಕ್ಕನನ್ನು ಕೊಟ್ಟದ್ದು ಸಾಸ್ತಾನಕ್ಕೆ. ಹೆದ್ದಾರಿಯ ಟೋಲ್ ಗೇಟಿನಿಂದ ಪಡುವಣಕ್ಕೆ ಇಳಿದು ಗದ್ದೆ ದಾಟಿದರೆ ಅವರ ಮನೆ. ಮನೆಯ ಹಿಂದೆ ಉಪ್ಪುನೀರಿನ ತೋಡು. ಕಡಲು ಉಬ್ಬಿ ಭರತ ಬಂದರೆ ತೋಡಿನ ನೀರು ಹಿತ್ತಿಲ ತೆಂಗಿನ ಬುಡಕ್ಕೆ ಬಂದು ನಿಲ್ಲುತ್ತದೆ. ಭಾವ ಬೆಳಿಗ್ಗೆ ಸಂಜೆ ದೇವಸ್ಥಾನಕ್ಕೆ ಡೋಲು ಬಾರಿಸಲು ಹೋಗುವವರು, ನಡುವೆ ಎರಡು ಗದ್ದೆಯ ಬೇಸಾಯ. ಮನೆಯಲ್ಲಿ ಇವರಿಬ್ಬರು, ಜೊತೆಗೆ ಭಾವನ ತಾಯಿ. ಚಾವಡಿಗೆ ಯಾವ ಕಾಲದಲ್ಲೋ ಹಾಕಿದ ಕೆಂಪು ಸಿಮೆಂಟು. ಒಳಕೋಣೆಗೆ ಆಗಲೂ ಮಣ್ಣಿನ ನೆಲ. ಅದಕ್ಕೆ ಅಕ್ಕ ಮೂವತ್ತೊಂದು ವರ್ಷ ಕುಕ್ಕರಗಾಲಿನಲ್ಲಿ ಕುಳಿತು ಸಗಣಿ ಸಾರಿಸಿದ್ದಳು.

ಅಮ್ಮ ಗದ್ದೆಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅಕ್ಕ. ಅವಳಿಗೂ ನನಗೂ ಆರೇ ವರ್ಷದ ಅಂತರ, ಆದರೂ ಅವಳು ನನ್ನನ್ನು "ಮಗಾ" ಎಂದೇ ಕರೆಯುವುದು. ಅವಳು ಯಾರ ಬಳಿಯೂ ಏನನ್ನೂ ಕೇಳಿದವಳಲ್ಲ. ಹೋದ ವರ್ಷ ಅವಳ ಮೊಣಕಾಲಿನ ಗಂಟು ಬಾತು, ಇನ್ನು ಕುಕ್ಕರಗಾಲಿನಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ, ಒಂದು ದಿನ ನನಗೆ ಫೋನ್ ಮಾಡಿದಳು.

"ಮಗಾ, ನಿಂದ್ ಆ ಮೊಸಾಯಿಕ್ ಒಂದ್ ಕೋಣಿಗ್ ಹಾಕುಕ್ ಆತ್ತಾ? ನಿಂತ್ಕಂಡೇ ಒರ್ಸ್ಲಕ್ಕಲ್ದಾ?"

"ಒಂದ್ ಕೋಣಿ ಎಂತಕೆ ಅಕ್ಕ, ಇಡೀ ಮನಿಗೆ ಹಾಕ್ತೆ" ಎಂದೆ.

"ಬ್ಯಾಡ. ಒಳ್ಕೋಣಿ ಒಂದ್ ಸಾಕ್" ಎಂದಳು. ಬೇಡುವಾಗಲೂ ಅಳತೆ ಮೀರದವಳು.

ಶಿವರಾತ್ರಿ ಕಳೆದು ಕೆಲಸ ಹಿಡಿದೆ. ಹಳೆಯ ನೆಲವನ್ನು ಹಾರೆ ಹಾಕಿ ಎಬ್ಬಿಸಿದ ದಿನವೇ ನನಗೆ ನಿಜ ಗೊತ್ತಾಯಿತು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು, ಆಮೇಲೆ ಗೊತ್ತಾಯಿತು ಎಂದು ಹೇಳಿ ಜಾರಿಕೊಳ್ಳಬಾರದು. ಕೋಣೆಯ ಮೂರು ಗೋಡೆಗಳು ಕೆಂಪು ಕಲ್ಲಿನವು. ಪಡುವಣದ್ದು ಮಾತ್ರ ಮಣ್ಣಿನದು. ಕೆಮ್ಮಣ್ಣಿಗೆ ಬೈಹುಲ್ಲು ಸೇರಿಸಿ ತುಳಿದು, ಒಂದರ ಮೇಲೊಂದು ವರಸೆ ಇಟ್ಟು ಎಬ್ಬಿಸಿದ ಹಳೆಯ ಕಾಲದ ಗೋಡೆ. ಹೊರಗಿನಿಂದ ಮಳೆಯ ಎರಚಲಿಗೆಂದು ಭಾವ ಸೊಂಟದ ಎತ್ತರಕ್ಕೆ ಸಿಮೆಂಟು ಬಳಿಸಿದ್ದರು, ಒಳಗೆ ಸುಣ್ಣ. ಹಾಗಾಗಿ ನೋಡಿದವರಿಗೆ ನಾಲ್ಕೂ ಒಂದೇ. ಬುಡದಲ್ಲಿ ಒಂದೇ ಒಂದು ವರಸೆ ಕಲ್ಲು, ಅದರ ಕೆಳಗೆ ಮರಳು. ಕರಣೆಯ ತುದಿಯಿಂದ ಕೆರೆದರೆ ಕೆಂಪು ಹುಡಿ, ನಡುವೆ ಹುಲ್ಲಿನ ಕಡ್ಡಿ. ಹುಡಿ ಒಣಗಿತ್ತು. ಇಷ್ಟು ವರ್ಷ ನಿಂತ ಗೋಡೆ, ಇನ್ನೂ ನಿಂತೀತು ಎಂದುಕೊಂಡೆ. ನಿಜವಾಗಿ ಅಂದುಕೊಂಡದ್ದು ಬೇರೆ. ಈಗ ಕೆಲಸ ನಿಲ್ಲಿಸಿದರೆ ಅಕ್ಕನ ಮುಖ ಹೇಗಾದೀತು, ಮುಂಬಯಿ ಮೇಸ್ತ್ರಿಗೆ ಒಂದು ಕೋಣೆಯ ನೆಲ ಹಾಕಲು ಬಾರದೆ ಹೋಯಿತು ಎಂದು ಭಾವ ನಕ್ಕರೆ ನನ್ನ ಮುಖ ಹೇಗಾದೀತು, ಇವೇ ಲೆಕ್ಕ.

ಭಾವನ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಂಬತ್ತು ದಾಟಿದ ಹೆಂಗಸು, ಕಣ್ಣು ಮಂಜು, ಕಿವಿ ಚುರುಕು.

"ಆ ಗ್ವಾಡಿ ನನ್ ಅತ್ತಿ ಕಾಲದ್ದ್. ನೀರ್ ತಾಗ್ಸ್ಬೇಡ ಮಗಾ" ಎಂದರು. "ಸಗ್ಣಿ ಸಾರ್ಸುವತ್ತಿಗೂ ಗ್ವಾಡಿ ಬದಿ ಒಂದ್ ಗೇಣ್ ಬಿಟ್ಟೇ ಸಾರ್ಸುದ್ ನಾವ್."

"ಹೆದ್ರ್ಬೇಡಿ ಅತ್ತೆ, ಇದ್ ಎಲ್ಲ ಸಿಮೆಂಟಿನ್ ಕೆಲ್ಸ" ಎಂದೆ. ಅದು ಉತ್ತರವೇ ಅಲ್ಲ ಎಂದು ನನಗೂ ಗೊತ್ತಿತ್ತು.

ಜಲ್ಲಿ ಹಾಕಿ ದಮ್ಮಸು ಮಾಡಿ, ಕಾಂಕ್ರೀಟು ಹಾಕಿ, ಗಾಜಿನ ಪಟ್ಟಿ ನಿಲ್ಲಿಸಿ, ಬಿಳಿ ಸಿಮೆಂಟಿಗೆ ಹರಳು ಕಲಸಿದೆವು. ಹರಳಿನ ಬಣ್ಣ ಅಕ್ಕನೇ ಆರಿಸಿದ್ದು, ಕಪ್ಪು ಮತ್ತು ಕಂದು. ಅವಲಕ್ಕಿಗೆ ಎಳ್ಳು ಉದುರಿಸಿದಂತೆ ಇರಲಿ ಎಂದಳು. ಹಾಸಿದ ಮರುದಿನ ಜೇಡಿಮಣ್ಣಿನಿಂದ ಹೊಸ್ತಿಲಿಗೊಂದು ಕಟ್ಟೆ ಕಟ್ಟಿ ಕೋಣೆ ತುಂಬ ನೀರು ನಿಲ್ಲಿಸಿದೆ. ಉಳಿದ ಮೂರು ಬದಿಗೆ ಗೋಡೆಗಳೇ ಕಟ್ಟೆ. ಮುಂಬಯಿಯಲ್ಲಿ ಮಾಡುತ್ತಿದ್ದುದೂ ಹೀಗೆಯೇ. ಅಕ್ಕ ಬಾವಿಯಿಂದ ಕೊಡಪಾನದಲ್ಲಿ ನೀರು ತಂದು ತಂದು ಸುರಿದಳು. ಮೋಟಾರಿನ ಪೈಪು ಇದೆ ಬಿಡು ಎಂದರೂ ಕೇಳಲಿಲ್ಲ. ತನ್ನ ನೆಲಕ್ಕೆ ತನ್ನ ಕೈಯ ನೀರು ಬೀಳಬೇಕಂತೆ.

"ಇದ್ ಎಷ್ಟ್ ನೀರ್ ಕುಡಿತ್ತ್ ಮಾರಾಯ!"

"ಹಡ್ದ ಮಗುವಿಗೆ ಹಾಲಿದ್ದಂಗೆ ಅಕ್ಕ ಇದ್ಕೆ ನೀರ್" ಎಂದೆ ನಾನು, ದೊಡ್ಡ ಪಂಡಿತನ ಹಾಗೆ. "ಕುಡ್ದಷ್ಟೂ ಗಟ್ಟಿ. ಹಸಿ ಇಪ್ಪುವರಿಗೆ ನೀರ್ ಹಾಕ್ತಾ ಇರ್ಕ್. ಒಂದ್ ದಿನ ತಪ್ಸ್ರೆ ಬಿರ್ಕ್ ಬಿಡ್ತ್."

ಅವಳು ತಲೆಯಾಡಿಸಿದಳು. ನಾನು ಹೇಳಿದ್ದನ್ನು ಅವಳು ಎಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾಳೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಎಂಟು ದಿನ ನೀರು ನಿಂತಿತು. ಆಮೇಲೆ ಐದು ದಿನ ಮೆಷಿನ್ ಓಡಿತು. ಉಜ್ಜಿದ ಕೆಸರು ಬಿಳಿ ಗಂಜಿಯ ಹಾಗೆ ಗೋಡೆಯ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು, ಅದನ್ನು ಬಳಿದು ತೆಗೆದಷ್ಟೂ ಮತ್ತೆ ನಿಲ್ಲುತ್ತಿತ್ತು. ಕಡೆಗೆ ಆಸಿಡ್ ಹಾಕಿ ತೊಳೆದು, ಮೇಣ ತಿಕ್ಕಿ ಮುಗಿಸಿದ ಸಂಜೆ ಕಿಟಕಿಯ ಬೆಳಕು ನೆಲದ ಮೇಲೆ ಬಿದ್ದು ತಲೆಯ ಮೇಲಿನ ಮಾಡಿನ ಹಲಗೆಯೆಲ್ಲ ಬೆಳಗಿತು. ನನ್ನ ಕೈಯಿಂದ ಅಷ್ಟು ಒಳ್ಳೆಯ ನೆಲ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಅಕ್ಕ ಬರಿಗಾಲಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು. ಉದ್ದ ಕೋಲಿನ ಒರೆಸುವ ಬಟ್ಟೆಯಿಂದ ನಿಂತೇ ಒರೆಸಿ ತೋರಿಸಿದಳು. ಭಾವ ಕೂಡ "ಅಡ್ಡಿಲ್ಲ ಮಾರಾಯ" ಎಂದರು. ಅವರ ಬಾಯಲ್ಲಿ ಅದು ಬಿರುದು ಕೊಟ್ಟಂತೆ. ಮೆಟ್ಟಿಲು ಹತ್ತಿ ಉಪ್ಪರಿಗೆಗೆ ಹೋಗಿ ಮಲಗುವುದು ಅಕ್ಕನಿಗೆ ಆಗುತ್ತಿರಲಿಲ್ಲವಲ್ಲ, ಅವಳ ಮಂಚವನ್ನು ಆ ದಿನವೇ ಕೆಳಗಿಳಿಸಿ ಒಳಕೋಣೆಗೆ ತಂದೆವು. ಗಾಳಿ ಬರಲಿ ಎಂದು ಕಿಟಕಿಯ ಕೆಳಗೆ, ಪಡುವಣ ಗೋಡೆಗೆ ತಾಗಿಸಿ ಹಾಕಿದೆವು.

ಹತ್ತು ದಿನ ಬಿಟ್ಟು ಯುಗಾದಿಗೆ ಹೋದಾಗ ಮೊದಲ ಸಲ ಗೋಡೆ ನೋಡಿದೆ.

ಬುಡದಿಂದ ಒಂದು ಗೇಣು ಎತ್ತರಕ್ಕೆ ಸುಣ್ಣದ ಬಣ್ಣ ತಿರುಗಿತ್ತು. ಒಣಗಿದ ಬಿಳಿಗೂ ನೆನೆದ ಬಿಳಿಗೂ ನಡುವೆ ಅಡ್ಡಕ್ಕೆ ಒಂದು ಗಡಿ. ಗಡಿಯ ಮೇಲೆ ಉಪ್ಪು ಹೂವಿನಂತೆ ಅರಳಿ ಮುಟ್ಟಿದರೆ ಉದುರುತ್ತಿತ್ತು. ಎಲ್ಲರೂ ಊಟಕ್ಕೆ ಎದ್ದ ಹೊತ್ತು ನೋಡಿ ಬೆರಳಿನ ಗಂಟಿನಿಂದ ಗೋಡೆ ತಟ್ಟಿದೆ. ಮೇಲೆ ತಟ್ಟಿದರೆ ಗಟ್ಟಿ ಸದ್ದು. ಕೆಳಗೆ ತಟ್ಟಿದರೆ ಸದ್ದೇ ಇಲ್ಲ, ಬೆರಳು ಹಿಟ್ಟಿನ ಮುದ್ದೆಗೆ ತಾಗಿದ ಹಾಗೆ. ಮೊದಲು ಆ ಕೋಣೆಯ ತೇವ ಮಣ್ಣಿನ ನೆಲದ ಮೂಲಕ ಮೇಲೆ ಬಂದು ಗಾಳಿಗೆ ಆರಿ ಹೋಗುತ್ತಿತ್ತು. ಈಗ ನನ್ನ ನೆಲ ಅದರ ಬಾಯಿ ಮುಚ್ಚಿತ್ತು. ಅದರ ಮೇಲೆ ನಾನೇ ಹದಿಮೂರು ದಿನ ಕಟ್ಟಿದ ನೀರು. ಹೋಗಲು ಉಳಿದ ದಾರಿ ಗೋಡೆಯೊಂದೇ.

ಜೇಬಿನಿಂದ ಪೆನ್ಸಿಲ್ ತೆಗೆದು, ಕಿಟಕಿಯ ಬದಿಗೆ ತಗ್ಗಿನಲ್ಲಿ ತೂಗುಬಿಟ್ಟಿದ್ದ ಉದ್ದ ಕ್ಯಾಲೆಂಡರಿನ ಮರೆಯಲ್ಲಿ ತೇವದ ಗಡಿಗೆ ಸರಿಯಾಗಿ ಒಂದು ಸಣ್ಣ ಗೆರೆ ಎಳೆದೆ. ಬೇಸಿಗೆ ಇನ್ನೂ ಎರಡು ತಿಂಗಳು ಇದೆ, ನೀರು ನಿಂತಾಯಿತು, ಮೆಷಿನ್ ನಿಂತಾಯಿತು, ಇನ್ನು ಇಳಿಯಲೇಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅಕ್ಕನ ಮಂಚ ಆ ಗೋಡೆಗೆ ತಾಗಿಯೇ ಇತ್ತು.

ಹೇಳಬೇಕಾದ ಮಾತು ಸರಳವಾಗಿತ್ತು. ಗೋಡೆ ಮಣ್ಣಿನದು, ನನಗೆ ಗೊತ್ತಿದ್ದೂ ನೀರು ಕಟ್ಟಿದೆ, ಈಗ ಗೋಡೆಯ ಉದ್ದಕ್ಕೂ ನೆಲ ಒಡೆದು ಬುಡ ಒಣಗಿಸಬೇಕು, ಮಾಡಿಗೆ ಊರುಗೋಲು ಕೊಟ್ಟು ಸ್ವಲ್ಪ ಸ್ವಲ್ಪವೇ ಕಲ್ಲು ಸೇರಿಸಬೇಕು. ಊಟ ಮುಗಿಸಿ ಬಂದು ಇಷ್ಟನ್ನೂ ಹೇಳಲು ಬಾಯಿ ತೆರೆದೆ. ಅಕ್ಕ ಒರೆಸುವ ಕೋಲು ಹಿಡಿದು ನಿಂತು, ಪಕ್ಕದ ಮನೆಯ ಹೆಂಗಸಿಗೆ ನೆಲ ತೋರಿಸುತ್ತಿದ್ದಳು. "ನಮ್ಮ ತಮ್ಮ ಹಾಕಿದ್ದ್" ಎನ್ನುತ್ತಿದ್ದಳು.

ನನ್ನ ಬಾಯಿಂದ ಬೇರೆಯೇ ಮಾತು ಬಂತು.

"ಅಕ್ಕ, ಆ ಗ್ವಾಡಿ ಬದಿ ಎರಡ್ ಅಡಿ ಇನ್ನೂ ಹಸಿ ಇತ್ತ್. ಮಂಚ ಈಚಿ ಬದಿಗ್ ಹಾಕುವ. ಅಲ್ಲ್ ಯಾರೂ ಕೂಕಣುದ್, ಮನಿಕಣುದ್ ಬ್ಯಾಡ."

"ಹಸಿ ಇತ್ತಾ?" ಅವಳ ಮುಖ ಸಣ್ಣದಾಯಿತು. "ಎಷ್ಟ್ ದಿನ?"

"ನಾ ಹೇಳುವರಿಗೆ."

ಮಂಚವನ್ನು ನಾನೇ ಎಳೆದು ಮೂಡಣ ಗೋಡೆಗೆ ಹಾಕಿದೆ. ಒಂದು ಸುಳ್ಳಿನಲ್ಲಿ ಅಕ್ಕನ ಜೀವವೂ ಉಳಿಯಿತು, ನನ್ನ ಮಾನವೂ ಉಳಿಯಿತು ಎಂದು ಬಸ್ಸಿನಲ್ಲಿ ಕುಳಿತಾಗ ನಿಜಕ್ಕೂ ಹಗುರವಾಗಿತ್ತು.

ಆಮೇಲೆ ಬೈಂದೂರಿನಲ್ಲಿ ದೊಡ್ಡ ಕೆಲಸ ಸಿಕ್ಕಿತು. ಸಾಸ್ತಾನಕ್ಕೆ ಹೋದದ್ದು ಒಂದು ತಿಂಗಳು ಕಳೆದು, ಕಡುಬೇಸಿಗೆಯಲ್ಲಿ. ಗದ್ದೆ ಬಿರುಕು ಬಿಟ್ಟಿತ್ತು, ತೋಡಿನಲ್ಲೂ ನೀರು ತಳ ಕಂಡಿತ್ತು. ಹೋದವನೇ ಕ್ಯಾಲೆಂಡರ್ ಸರಿಸಿದೆ. ತೇವ ನನ್ನ ಗೆರೆಯಿಂದ ಅರ್ಧ ಗೇಣು ಮೇಲೇರಿತ್ತು.

ನನಗೆ ಅರ್ಥವೇ ಆಗಲಿಲ್ಲ. ಮಳೆ ಇಲ್ಲ, ನೀರು ಕಟ್ಟಿಲ್ಲ, ಬಿಸಿಲಿಗೆ ಎದುರಿನ ಕೆಂಪು ಕಲ್ಲಿನ ಗೋಡೆ ಕಾದು ನಿಂತಿದೆ, ಇದು ಮಾತ್ರ ಏರುತ್ತಿದೆ. ಎರಡನೆಯ ಗೆರೆ ಎಳೆದೆ. ಹಿತ್ತಿಲಿಗೆ ಹೋಗಿ ತೋಡು ನೋಡಿದೆ, ಬಾವಿ ನೋಡಿದೆ, ಬಚ್ಚಲಿನ ನೀರು ಎಲ್ಲಿ ಹೋಗುತ್ತದೆ ಎಂದು ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಬೇಲಿಯ ಮೇಲೆ ನಾಲ್ಕು ಗೋಣಿಚೀಲಗಳು ಒದ್ದೆಯಾಗಿ ಹರಡಿದ್ದವು. ಅದನ್ನೂ ನೋಡಿದೆ. ಅಕ್ಕಿಯದೋ ಭತ್ತದ್ದೋ ತೊಳೆದು ಹಾಕಿರಬೇಕು ಎಂದುಕೊಂಡು ಒಳಗೆ ಬಂದೆ.

ಒಳಕೋಣೆಯ ಬಾಗಿಲು ಮೊದಲು ಸಲೀಸಾಗಿ ಹಾಕಿಕೊಳ್ಳುತ್ತಿತ್ತು. ಈಗ ಮೇಲಿನ ಮೂಲೆ ದಾರಂದಕ್ಕೆ ಸಿಕ್ಕಿ ಕಿರುಗುಟ್ಟಿತು.

"ಸೆಕೆಗೆ ಮರ ಹಿಗ್ಗಿತ್ ಕಾಂತ್" ಎಂದರು ಭಾವ.

ಸೆಕೆಗೆ ಮರ ಒಣಗಿ ಸಣ್ಣದಾಗುತ್ತದೆ, ಹಿಗ್ಗುವುದಿಲ್ಲ. ಇದು ಅವರಿಗೂ ಗೊತ್ತು, ನನಗೂ ಗೊತ್ತು. "ಹೌದ್ ಭಾವ" ಎಂದೆ.

ಹೊರಡುವಾಗ ಭಾವನ ತಾಯಿ ಜಗಲಿಯಲ್ಲಿ ನನ್ನ ಕೈ ಹಿಡಿದರು. ಅವರು ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡೇ ಒಳಕೋಣೆಯಿಂದ ಬಚ್ಚಲಿಗೆ ಹೋಗುವವರು. ಅಂಗೈಯನ್ನು ನನ್ನ ಅಂಗೈಗೆ ಒತ್ತಿ, "ಗ್ವಾಡಿ ಹೆಣದಂಗೆ ತಣ್ಣಗಾಯ್ತ್ ಮಗಾ" ಎಂದರು. "ನಿನ್ನಕ್ಕಂಗೆ ನೀ ಹೇಳಿದ್ದೇ ವೇದ. ಒಂದ್ಸಲ ಸಾಕ್ ಅಂದ್ಹೇಳ್ ಅವ್ಳಿಗೆ."

ಏನು ಸಾಕು ಎಂದು ನಾನು ಕೇಳಬೇಕಿತ್ತು. ಕೇಳಿದರೆ ಗೋಡೆಯ ಮಾತು ಬರುತ್ತದೆ, ಗೋಡೆಯ ಮಾತು ಬಂದರೆ ಎಲ್ಲವೂ ಹೊರಗೆ ಬರುತ್ತದೆ. "ಬಸ್ಸಿಗೆ ಹೊತ್ತಾಯ್ತ್ ಅತ್ತೆ, ಇನ್ನೊಂದ್ ಸಲ ಬತ್ತೆ" ಎಂದು ಕೈ ಬಿಡಿಸಿಕೊಂಡು ಗದ್ದೆಗೆ ಇಳಿದೆ. ಹೇಡಿಗಳಿಗೆ ಯಾವಾಗಲೂ ಒಂದು ಬಸ್ಸು ಇರುತ್ತದೆ.

ಅಂದಿನಿಂದ ಆ ಗೋಡೆ ನನ್ನ ಜೊತೆಗೇ ಬೈಂದೂರಿಗೂ ಬಂತು. ಅಲ್ಲಿ ಹೋಂ ಸ್ಟೇಯ ನೆಲಕ್ಕೆ ನೀರು ಕಟ್ಟುವಾಗ ಗೋಡೆ ತಟ್ಟಿ ನೋಡುವ ಚಾಳಿ ಬಂತು. ಅದು ಹೊಸ ಕಾಂಕ್ರೀಟಿನ ಮನೆ, ತಟ್ಟಿದರೆ ಕೈ ನೋಯುತ್ತಿತ್ತು. ಎಂಜಿನಿಯರ್ ಹುಡುಗಿ ಏನು ಸರ್ ಎಂದು ಕೇಳಿದರೆ ಸುಮ್ಮನೆ ಎಂದೆ. ಮಳೆಗಾಲ ಮುಗಿಯಲಿ, ಗೋಡೆ ಬದಿಯ ಎರಡು ಅಡಿ ನೆಲವನ್ನು ಏನಾದರೂ ನೆಪ ಹೇಳಿ ಒಡೆಯುತ್ತೇನೆ, ಕಲ್ಲು ಸೇರಿಸುತ್ತೇನೆ, ಮತ್ತೆ ಅದೇ ಹರಳು ಹಾಕಿ ಉಜ್ಜಿಕೊಡುತ್ತೇನೆ ಎಂದು ಮನಸ್ಸಿನಲ್ಲೇ ದಿನ ಗೊತ್ತು ಮಾಡಿದೆ. ಮಂಚ ದೂರ ಇದೆಯಲ್ಲ, ಭಯವಿಲ್ಲ. ಇದನ್ನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ.

ಮಳೆ ಹಿಡಿದ ಮೇಲೆ ಒಂದು ಭಾನುವಾರ ಮತ್ತೆ ಹೋದೆ. ಆ ದಿನದ ತೇವ ಕಿಟಕಿಯ ಕೆಳಗಿನ ಪಟ್ಟಿಯ ತನಕ ಏರಿತ್ತು. ಮೂರನೆಯ ಗೆರೆ ಎಳೆಯಲು ಪೆನ್ಸಿಲ್ ಒತ್ತಿದರೆ ಮೊನೆ ಗೋಡೆಯೊಳಗೇ ಇಳಿಯಿತು. ಕ್ಯಾಲೆಂಡರಿನ ಮೊಳೆ ಸಡಿಲಾಗಿ ಕೈಗೇ ಬಂತು. ಅದನ್ನು ಮತ್ತೆ ತೂತಿಗೆ ತುರುಕಿ, ಕ್ಯಾಲೆಂಡರ್ ತೂಗುಹಾಕಿ, ಅದು ಬೀಳದಂತೆ ಸ್ವಲ್ಪ ಹೊತ್ತು ಕೈ ಅಡ್ಡ ಹಿಡಿದು ನಿಂತೆ. ನೆಲ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರೊಳಗೆ ಗೋಡೆಯೂ ನಾನೂ ತಲೆಕೆಳಗಾಗಿ ಕಾಣುತ್ತಿದ್ದೆವು.

ಅಕ್ಕ ಕುಂಟುತ್ತಾ ಚಹಾ ತಂದಳು. ಬೇಸಿಗೆಗಿಂತ ಹೆಚ್ಚು ಕುಂಟುತ್ತಿದ್ದಳು.

"ಗಂಟ್ ಜಾಸ್ತಿ ಆಯ್ತಾ ಅಕ್ಕ?"

"ಮಳಿಗ್ ಹಾಂಗೆ" ಎಂದಳು. ಆಮೇಲೆ ಆಸೆಯಿಂದ ಗೋಡೆಯ ಬದಿಗೆ ನೋಡಿ, "ಈಗ ಗಟ್ಟಿ ಆಯ್ತಾ ಮಗಾ ಅದ್?" ಎಂದು ಕೇಳಿದಳು.

"ಇನ್ನೂ ಇಲ್ಲ ಅಕ್ಕ. ಈಗ ಅದ್ರ ಹತ್ರವೂ ಹೋಯ್ಬೇಡ" ಎಂದೆ. ನಾಳೆಯೇ ಮಾಡಿಗೆ ಊರುಗೋಲು ತಂದು ಕೊಡುತ್ತೇನೆ, ಎಲ್ಲ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದೆ. ನಾಳೆ ಬೈಂದೂರಿನಲ್ಲಿ ಕಡೆಯ ಸುತ್ತಿನ ಪಾಲಿಶ್ ಇತ್ತು. ಹಾಗಾಗಿ ನಾಳಿದ್ದು ಎಂದು ಮಾಡಿಕೊಂಡೆ.

ಆ ನಾಳೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೆಷಿನ್ ನಿಲ್ಲಿಸಿ ಫೋನ್ ನೋಡಿದರೆ ಭಾವನ ಐದು ಕರೆಗಳು. ಮೆಷಿನ್ ಸದ್ದಿಗೆ ಒಂದೂ ಕೇಳಿಸಿರಲಿಲ್ಲ. ತಿರುಗಿ ಮಾಡಿದೆ.

"ಗ್ವಾಡಿ ಬಿತ್ತ್" ಎಂದರು ಭಾವ. "ಕುಂದಾಪ್ರ ಆಸ್ಪತ್ರಿಗ್ ಬಾ."

ಬೈಂದೂರಿನಿಂದ ಕುಂದಾಪುರದ ಬಸ್ಸಿನಲ್ಲಿ ನಾನು ಕೂರಲಿಲ್ಲ. ಸೀಟು ಇತ್ತು, ಕೂರಲು ಆಗಲಿಲ್ಲ. ಮಂಚ ದೂರ ಇತ್ತು, ಮಂಚ ದೂರ ಇತ್ತು ಎಂದು ಕಂಬ ಹಿಡಿದುಕೊಂಡು ಜಪ ಮಾಡಿದೆ.

ಅಕ್ಕ ಬದುಕಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ರಾಡ್ ಹಾಕಬೇಕು, ಗಂಟು ಮೊದಲೇ ಸವೆದಿರುವುದರಿಂದ ಇನ್ನು ಮುಂದೆ ಕೋಲಿಲ್ಲದೆ ನಡೆಯುವುದು ಕಷ್ಟ ಎಂದರು ಡಾಕ್ಟರು. ಚುಚ್ಚುಮದ್ದಿಗೆ ಅವಳಿಗೆ ನಿದ್ದೆ ಹತ್ತಿತ್ತು. ಮಂಚ ದೂರ ಇದ್ದೂ ಗೋಡೆ ಅವಳ ಕಾಲಿನ ಮೇಲೆ ಹೇಗೆ ಬಿತ್ತು ಎಂದು ಭಾವನನ್ನು ಕೇಳಿದೆ. ಅವರು ದೇವಸ್ಥಾನದಲ್ಲಿದ್ದರಂತೆ, ನೋಡಿದವರಲ್ಲ. ಅವಳ ಬಟ್ಟೆ ತರಬೇಕು, ನೀನು ಹೋಗಿ ಬಾ ಎಂದು ಬೀಗದ ಕೈ ಕೊಟ್ಟರು.

ಬೀಗದ ಅಗತ್ಯವಿರಲಿಲ್ಲ. ಹಿತ್ತಿಲಿನಿಂದ ನೋಡಿದರೆ ಒಳಕೋಣೆ ಬಾಯಿ ತೆರೆದು ನಿಂತಿತ್ತು. ಗೋಡೆ ಕಿಟಕಿಯ ಸಮೇತ ಒಳಗೆ ಮಗುಚಿತ್ತು. ಮಾಡು ಒಂದು ಬದಿಗೆ ವಾಲಿ, ಸಾಲು ಸಾಲು ಹೆಂಚು ಜಾರಿ, ಮಳೆ ನೇರ ಕೋಣೆಯೊಳಗೆ ಹೊಯ್ಯುತ್ತಿತ್ತು. ಮಣ್ಣಿನ ರಾಶಿಯನ್ನು ಆ ನೀರು ತೊಳೆದುಕೊಂಡು ಹೋದ ಕಡೆಯೆಲ್ಲ ನನ್ನ ನೆಲ ಎಳ್ಳು ಉದುರಿಸಿದ ಅವಲಕ್ಕಿಯಂತೆ ಇಣುಕುತ್ತಿತ್ತು. ಅದಕ್ಕೆ ಒಂದು ಕೂದಲೆಳೆಯ ಬಿರುಕು ಕೂಡ ಬಂದಿರಲಿಲ್ಲ.

ಅವಳನ್ನು ಎಳೆದು ತೆಗೆಯಲು ನೆರೆಯವರು ಮಣ್ಣು ಸರಿಸಿದ ಜಾಗದಲ್ಲಿ ಒಂದು ಹಿತ್ತಾಳೆಯ ಕೊಡಪಾನ ಅಪ್ಪಚ್ಚಿಯಾಗಿ ಬಿದ್ದಿತ್ತು. ಅದರ ಕೆಳಗೆ ಗೋಣಿಚೀಲ. ನಾನು ಕೈಯಿಂದ ಮಣ್ಣು ಬಗೆದೆ. ಇನ್ನೊಂದು ಗೋಣಿ, ಮತ್ತೊಂದು. ಗೋಡೆಯ ಬುಡದ ಉದ್ದಕ್ಕೂ, ಸರಿಯಾಗಿ ಎರಡು ಅಡಿ ಅಗಲಕ್ಕೆ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಗೋಣಿ ಹಾಸಿತ್ತು. ಹೊಸ ಸಿಮೆಂಟು ಬೇಗ ಒಣಗದಂತೆ ನಾವು ಒದ್ದೆ ಗೋಣಿ ಹೊದೆಸುವುದೂ ಥೇಟು ಹೀಗೆಯೇ.

ಭಾವನ ತಾಯಿ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತಿದ್ದರು. ನನ್ನ ಹೆಜ್ಜೆ ಕೇಳಿಯೇ ಗುರುತಿಸಿದರು.

"ದಿನಾ ಎರಡ್ ಕೊಡಪಾನ" ಎಂದರು. "ಯುಗಾದಿಯಿಂದ ಹಿಡ್ದ್. ನೀ ಹಸಿ ಇತ್ತ್ ಅಂದ್ಯಲ್ಲ. ಹಸಿ ಇಪ್ಪುವರಿಗೆ ನೀರ್ ಹಾಕ್ಕ್ ಅಂದದ್ದೂ ನೀನೇ ಅಂಬ್ರ್. ಸಾಕ್ ಮಾರಾಯ್ತಿ ಅಂದ್ರೆ ಕೇಂತಿಲ್ಲ, ತಮ್ಮ ಸಾಕ್ ಅನ್ನುವರಿಗೆ ಹಾಕ್ಕ್ ಅಂಬುಳ್. ನೀ ಬಪ್ಪು ದಿನ ಗೋಣಿ ತೆಗ್ದ್, ಒರ್ಸಿ, ಚಂದ ಮಾಡಿ ಇಡ್ತಿದ್ಲ್."

"ನಿನ್ನೆ ಹತ್ರ ಹೋಯ್ಬೇಡ ಅಂದಿದ್ನಲ್ಲ ಅತ್ತೆ..."

"ಗಟ್ಟಿ ಆಯ್ಲಿಲ್ಲ ಅಂದ್ಯಲ್ಲ. ಇವತ್ತ್ ಮೂರ್ ಕೊಡಪಾನ ತರುಕೆ ಹೊರಟಿದ್ಲ್. ಮೂರ್ನೇದ್ ಹೊಯ್ವತ್ತಿಗೆ ಬಿತ್ತ್."

ನಾನು ಆ ಜಗಲಿಯ ಮೆಟ್ಟಿಲಿನಲ್ಲೇ ಕುಳಿತೆ. ಮಳೆ ಬೆನ್ನಿನ ಮೇಲೆ ಬೀಳುತ್ತಿತ್ತು. ಮುದುಕಿ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಸಂಜೆ ಬಟ್ಟೆಯ ಚೀಲ ಹಿಡಿದು ಆಸ್ಪತ್ರೆಗೆ ಮರಳಿದಾಗ ಅಕ್ಕನಿಗೆ ಎಚ್ಚರವಾಗಿತ್ತು. ಭಾವ ಔಷಧಿ ತರಲು ಕೆಳಗೆ ಹೋಗಿದ್ದರು. ನನ್ನನ್ನು ಕಂಡು ಅವಳು ಕೈ ಚಾಚಿದಳು. ಬೆರಳ ಸಂದಿಯಲ್ಲಿ ಇನ್ನೂ ಕೆಮ್ಮಣ್ಣು ಇತ್ತು.

"ಮಗಾ" ಎಂದಳು, ಯಾರಾದರೂ ಕೇಳಿಸಿಕೊಂಡಾರು ಎಂದು ಹೆದರಿದಂತೆ ಸಣ್ಣ ದನಿಯಲ್ಲಿ. "ಒಂದ್ ದಿನ ತಪ್ಪಿತ್ತ್. ಸಿದ್ದಾಪ್ರಕ್ಕೆ ಬಯ್ಕಿ ಊಟಕ್ ಹೋದ ದಿನ. ಬಪ್ಪತ್ತಿಗೆ ಕಪ್ಪಾಯ್ತ್, ಗಂಟ್ ನೋಯ್ತಿತ್ತ್, ನೀರ್ ಹಾಕ್ಲಿಲ್ಲ. ನಿಂಗ್ ಹೇಳುಕೆ ಹೆದ್ರಿಕಿ ಆಯ್ತ್. ಅದ್ಕೇ ಹೀಂಗ್ ಆಯ್ತಾ?"

ಅವಳ ಕಣ್ಣಿನಲ್ಲಿ ಇದ್ದದ್ದು ನೋವಲ್ಲ, ತಪ್ಪು ಮಾಡಿದವರ ಭಯ. ಹೌದು ಎಂದರೂ ನಂಬುತ್ತಿದ್ದಳು, ಮಳೆಗೆ ಬಿತ್ತು ಎಂದರೂ ನಂಬುತ್ತಿದ್ದಳು. ಹೊಸ ಸುಳ್ಳೊಂದು ನಾಲಗೆಯ ತುದಿಗೆ ಬಂದು ನಿಂತದ್ದನ್ನು ನಾನು ಒಪ್ಪಿಕೊಳ್ಳುತ್ತೇನೆ. ಆ ಕೆಮ್ಮಣ್ಣು ನೋಡಿ ಅದನ್ನು ನುಂಗಿದೆ.

"ಅಲ್ಲ ಅಕ್ಕ. ನೆಲ ಹಸಿ ಇರ್ಲೇ ಇಲ್ಲ. ಯುಗಾದಿಗೇ ಅದ್ ಗಟ್ಟಿ ಆಗಿತ್ತ್. ಹಸಿ ಆದ್ದ್ ಗ್ವಾಡಿ. ನಾ ನೀರ್ ಕಟ್ಟಿ ಹಾಳ್ ಮಾಡ್ದೆ, ಹೇಳುಕೆ ಮುಖ ಇರ್ಲಿಲ್ಲ. ನಿನ್ ಮಂಚ ದೂರ ಮಾಡುಕೆ ಸುಳ್ಳ್ ಹೇಳ್ದೆ."

ಸಿಟ್ಟು ಬರಲಿ ಎಂದು ನಾನು ಕಾದೆ. ಬಾವಿಯಿಂದ ಒಳಕೋಣೆಯವರೆಗೆ ಹದಿನಾರು ಹೆಜ್ಜೆ, ಒಂದು ಹೊಸ್ತಿಲು. ಅವಳು ಅದನ್ನೇ ಮನಸ್ಸಿನಲ್ಲಿ ನಡೆಯುತ್ತಿದ್ದಳು ಎಂದು ಕಾಣುತ್ತದೆ.

"ಹಾಂಗಾರೆ ನಾ ಅಷ್ಟ್ ದಿನ ನೀರ್ ಹೊತ್ತದ್ದ್?" ಎಂದು ಕೇಳಿದಳು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಕಾಲು ಕಟ್ಟಿದ್ದರಿಂದ ಮಗ್ಗುಲು ಬದಲಿಸಲು ಆಗಲಿಲ್ಲ. ಮುಖವನ್ನಷ್ಟೇ ಗೋಡೆಯ ಕಡೆಗೆ ತಿರುಗಿಸಿದಳು.